ಕಿರುಬೆರಳಿನ ಗುಳಿ

ಶಾಂದುವಿನ ಮುಖ ಕಂಡರೆ ಸಾಕು, ತೆಂಜಿವೆಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥವನ ಎದುರು ಗಿಟಾರ್ ಹಿಡಿದು "ಕಲಿಸಿಕೊಡಿ" ಅಂತ ನಿಲ್ಲುವ ಗತಿ ಬಂತಲ್ಲ! ಅದಕ್ಕೆ ಅವಳು ಮೊದಲು ಶಪಿಸಿದ್ದು ತನ್ನ ಅಣ್ಣನನ್ನು, ಆಮೇಲೆ ತನ್ನನ್ನೇ.

ತೆಂಜಿವೆ ಡರ್ಬನ್ನಿನ ದೊಡ್ಡ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಗ್ವಿನ್ಯಾ ಕರಿದು ಮಾರುವವಳು. ಹುಳಿ ಬಂದ ಮೈದಾ ಹಿಟ್ಟನ್ನು ಉಂಡೆ ಮಾಡಿ ಎಣ್ಣೆಗೆ ಬಿಟ್ಟರೆ ಉಬ್ಬಿ ಕೆಂಪಗೆ ಮೇಲೆ ಬರುತ್ತೆ, ಡ್ರೈವರುಗಳು ಬಾಯಿ ಸುಟ್ಟುಕೊಂಡು ತಿನ್ನುತ್ತಾರೆ. ವಯಸ್ಸು ಮೂವತ್ತಾರು, ಬಾಯಿ ಜೋರು. ಆ ಸ್ಟ್ಯಾಂಡಿನಲ್ಲಿ ಮೆತ್ತಗಿದ್ದರೆ ನಿಮ್ಮ ಒಲೆಯನ್ನೇ ಒದ್ದು ಆಚೆ ಹಾಕುತ್ತಾರೆ, ನನ್ನ ಮಾತು ನಂಬಿ. ಅವಳ ಒಲೆಯಿಂದ ನಲವತ್ತು ಹೆಜ್ಜೆ ದೂರದಲ್ಲಿ, ಮೇಲ್ಸೇತುವೆಯ ನೆರಳಲ್ಲಿ, ಶಾಂದು ಬೂಟು ಹೊಲಿಯುತ್ತಾ ಕೂರುತ್ತಿದ್ದ. ಹೆಸರು ಎಲ್ಫಾಸ್ ಎಂಬಾಥಾ. ಆದರೆ ತಲೆ ನರೆತವನನ್ನು ಹೆಸರು ಹಿಡಿದು ಕರೆಯುವುದುಂಟೆ? ಎಂಬಾಥಾಗಳ ಕುಲದ ಹೆಸರು ಶಾಂದು, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಶಾಂದು. ಎಡಗೈಯ ಕಿರುಬೆರಳು ಬುಡದಿಂದಲೇ ಇಲ್ಲ. ಆದರೂ ಅವನು ಗಿಟಾರ್ ಹಿಡಿದರೆ ಸ್ಟ್ಯಾಂಡಿನ ಗಲಾಟೆ ನಿಲ್ಲುತ್ತಿತ್ತು. ಅದನ್ನು ಒಪ್ಪಬೇಕು. ತೆಂಜಿವೆಯೂ ಒಪ್ಪುತ್ತಿದ್ದಳು, ಹಲ್ಲು ಕಚ್ಚಿಕೊಂಡು.

ಅವನಿಗೆ ಹೆಸರು ತಂದದ್ದು ಒಂದೇ ಒಂದು ಹಾಡು. ವರ್ಷವಿಡೀ ಪಟ್ಟಣದಲ್ಲಿ ದುಡಿದು ಡಿಸೆಂಬರಿನಲ್ಲಿ ಬಸ್ಸಿಳಿದು, ಗಿಟಾರ್ ಬಾರಿಸುತ್ತಾ, ಹೊಳೆ ದಾಟಿ ಊರಿಗೆ ನಡೆದುಹೋಗುವವನ ಹಾಡು. ರೇಡಿಯೊದಲ್ಲಿ ಹತ್ತು ವರ್ಷದಿಂದ ಬರುತ್ತಿತ್ತು. ರೇಡಿಯೊದಲ್ಲಿ ಬಂದರೆ ಹೊಟ್ಟೆ ತುಂಬುತ್ತಾ? ಇಲ್ಲ, ಅದಕ್ಕೇ ಬೂಟು ಹೊಲಿಯುತ್ತಿದ್ದ. ಹೆಸರು ಮಾತ್ರ ತುಂಬಿ ಹರಿಯುತ್ತಿತ್ತು. ಹಾಡಿನ ನಡುವೆ, ಹೊಳೆ ದಾಟುವ ಜಾಗದಲ್ಲಿ, ಶಾಂದು ತಂತಿಗಳನ್ನೆಲ್ಲ ಸುಮ್ಮನಾಗಿಸಿ ಗಿಟಾರಿನ ಹೊಟ್ಟೆಗೆ ಬೆರಳಗೆಣ್ಣಿನಿಂದ "ಟಕ್" ಅಂತ ಒಂದು ಏಟು ಕೊಡುತ್ತಿದ್ದ. ಆ ಟಕ್ ಅಂದರೆ ಜನ ಪ್ರಾಣ ಬಿಡುತ್ತಿದ್ದರು. "ಮನೆ ಬಾಗಿಲು ಬಡಿದ ನೋಡ್ರೋ ಮುದುಕ!" ಅಂತ ಶಿಳ್ಳೆ ಹೊಡೆಯುತ್ತಿದ್ದರು.

ಆ ಹಾಡು ತೆಂಜಿವೆಯ ಅಪ್ಪನದು.

ಅಪ್ಪ, ಝೆಫಾನಿಯಾ ಝೋಂಡಿ, ಬಂದರಿನಲ್ಲಿ ಮೂಟೆ ಹೊತ್ತವನು. ಕೂಲಿಯವರ ಹಾಸ್ಟೆಲಿನಲ್ಲಿ ಹನ್ನೊಂದು ವರ್ಷ ಶಾಂದುವಿನ ಪಕ್ಕದ ಮಂಚದಲ್ಲೇ ಮಲಗಿದವನು. ಎದೆ ಕೆಟ್ಟು ಊರು ಸೇರಿದ. ಅವನು ಊರು ಸೇರಿದ ಎರಡನೇ ವರ್ಷ ರೇಡಿಯೊದಲ್ಲಿ ಈ ಹಾಡು ಬಂತು. ನಮ್ಮ ಗಿಟಾರಿನವರ ಹಾಡಿಗೆ ಒಂದು ಕಟ್ಟಳೆ ಇದೆ: ಹಾಡು ಕಾವೇರಿದಾಗ ಬಾರಿಸುವವನು ಗಡಗಡ ಅಂತ ತನ್ನನ್ನು ತಾನೇ ಹೊಗಳಿಕೊಳ್ಳಬೇಕು. ತಾನು ಯಾರು, ಯಾರ ಮಗ, ಯಾವ ಹೊಳೆಯ ನೀರು ಕುಡಿದವನು, ಎಲ್ಲ ಹೇಳಬೇಕು. ಅದಿಲ್ಲದ ಹಾಡಿಗೆ ಒಡೆಯನಿಲ್ಲ. ರೇಡಿಯೊದಲ್ಲಿ ಆ ಜಾಗ ಬಂದಾಗ ಕೇಳಿದ್ದು "ನಾನು ಶಾಂದು, ಎಂಝಿನ್ಯಾಥಿ ನೀರು ಕುಡಿದವನು" ಅನ್ನುವ ಗಂಟಲು. ಅಪ್ಪ ಎದ್ದು ರೇಡಿಯೊ ಆರಿಸಿದ. ತನ್ನ ಗಿಟಾರಿನ ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ಗೋಡೆಗೆ ತೂಗುಹಾಕಿದ. ಆಮೇಲೆ ಎಂಟು ವರ್ಷ ಬದುಕಿದ್ದ, ಒಮ್ಮೆಯೂ ಅದನ್ನು ಇಳಿಸಲಿಲ್ಲ. ಒಂದು ಮಾತೂ ಆಡಲಿಲ್ಲ. ಬಾಯಿ ಬಿಟ್ಟು ಬೈದಿದ್ದರೆ ತೆಂಜಿವೆಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಮಾತಾಡಿದವಳು ಅಪ್ಪನ ಅಕ್ಕ, ತೊಬೆಕಿಲೆ ಅತ್ತೆ ಮಾತ್ರ. ಆವತ್ತು ರೇಡಿಯೊ ಮುಂದೆ ಮೂಗು ಮುರಿದು, "ಇದು ನನ್ನ ತಮ್ಮನ ಹಾಡಲ್ಲ" ಅಂದುಬಿಟ್ಟಿದ್ದಳು. ತೆಂಜಿವೆಯ ಅಣ್ಣ ಭೆಕುಮುಝಿ ಆ ಮಾತನ್ನು ಗಂಟು ಹಾಕಿಕೊಂಡ. ಯಾವಾಗ ಜಗಳ ಬಂದರೂ ಅದನ್ನೇ ತೆಗೆಯುತ್ತಿದ್ದ.

ಅಪ್ಪ ಸತ್ತು ಎರಡು ವರ್ಷವಾಯಿತು. ಸತ್ತವರನ್ನು ಮನೆಗೆ ಕರೆತರುವ ಶಾಸ್ತ್ರ ಮಾಡಬೇಕಿತ್ತು. ಅದಾಗುವವರೆಗೆ ಹೋದವರು ಬೇಲಿಯಾಚೆಯೇ ಅಲೆಯುತ್ತಿರುತ್ತಾರೆ. ಎತ್ತು ಕಡಿದು, ಜೋಳದ ಹೆಂಡ ಇಟ್ಟು, ಅವರ ಹೊಗಳಿಕೆಯನ್ನೇ ಕೂಗಿ ಕರೆದರೆ ಒಳಗೆ ಬಂದು ಮನೆ ಕಾಯುತ್ತಾರೆ. ಆಗಸ್ಟಿನಲ್ಲಿ ಅಣ್ಣ ಊರಿನಿಂದ ಫೋನ್ ಮಾಡಿದ.

"ಡಿಸೆಂಬರಿಗೆ ಇಟ್ಕೊಂಡಿದೀನಿ. ಶಾಂದುಗೂ ಹೇಳಿ ಆಯ್ತು. ಅಪ್ಪನ ಹಳೇ ಸ್ನೇಹಿತ, ದೊಡ್ಡ ಮನುಷ್ಯ. ಆ ಹಾಡು ಬಾರಿಸ್ತಾನೆ."

"ಅಣ್ಣಾ, ತಲೆ ನೆಟ್ಟಗಿದೆಯಾ ನಿಂಗೆ? ಅಪ್ಪನ್ನ ಮನೆಗೆ ಕರೆಯೋ ದಿನ ಆ ಕಳ್ಳನ ಹೆಸರು ಕೂಗಿಸ್ತೀಯಾ?"

"ಕಳ್ಳ ಅನ್ನೋಕೆ ಏನೇ ಸಾಕ್ಷಿ? ಅತ್ತೆನೇ ಹೇಳಿದಾಳೆ ಅದು ಅಪ್ಪಂದಲ್ಲ ಅಂತ."

"ಅಂಗಳದಲ್ಲಿ ಅವನು ಗಿಟಾರ್ ಮುಟ್ಟೋದು ಬೇಡ. ನಾನು ಬಾರಿಸ್ತೀನಿ."

ಅಣ್ಣ ನಕ್ಕ. ನಕ್ಕು ನಕ್ಕು ಕೆಮ್ಮು ಬಂತು. "ನೀನಾ? ಗಿಟಾರ್ ಯಾವ ಕಡೆಯಿಂದ ಹಿಡೀತಾರೆ ಗೊತ್ತೇನೇ? ಆಯ್ತಮ್ಮ, ಬಾರಿಸು. ಮೊದಲಿಂದ ಕೊನೆವರೆಗೂ ಬಾರಿಸಿಬಿಡು, ಅಪ್ಪನ ಹೆಸರೇ ಹೇಳು, ಯಾರೂ ತಡೆಯಲ್ಲ. ಎಲ್ಲಾದ್ರೂ ನಿಂತ್ಯೋ, ಶಾಂದು ಬಾರಿಸ್ತಾನೆ, ನೀನು ತೆಪ್ಪಗೆ ಅಡುಗೆ ಒಲೆ ಮುಂದೆ ಹೋಗಿ ಕೂರಬೇಕು."

"ಕೂರ್ತೀನಿ."

ಹೇಳಿದ್ದೇನೋ ಹೇಳಿಬಿಟ್ಟಳು. ರೇಡಿಯೊ ಕೇಳಿ ಕಲಿಯೋಣ ಅಂದರೆ ಶ್ರುತಿಯೇ ಗೊತ್ತಿಲ್ಲ. ನಮ್ಮಲ್ಲಿ ಯಾರೂ ಅಂಗಡಿಯವನು ಹೇಳಿದ ಹಾಗೆ ತಂತಿ ಕಟ್ಟುವುದಿಲ್ಲ. ಒಬ್ಬೊಬ್ಬನಿಗೂ ಅವನದೇ ಶ್ರುತಿ. ಬಾರಿಸಿ ಮುಗಿದ ತಕ್ಷಣ ಬಿರಡೆ ತಿರುಗಿಸಿ ಆರೂ ತಂತಿ ಸಡಿಲಿಸಿಬಿಡುತ್ತಾರೆ, ಇನ್ನೊಬ್ಬನ ಕೈಗೆ ಗುಟ್ಟು ಸಿಗಬಾರದಲ್ಲ. ಆ ಹಾಡಿನ ಶ್ರುತಿ ಗೊತ್ತಿದ್ದವರು ಇಬ್ಬರೇ. ಒಬ್ಬ ಮಣ್ಣಲ್ಲಿದ್ದ, ಇನ್ನೊಬ್ಬ ಮೇಲ್ಸೇತುವೆಯ ಕೆಳಗೆ.

ಮಾರನೇ ದಿನ ಮಧ್ಯಾಹ್ನ, ಬಾಣಲೆ ತೊಳೆದಿಟ್ಟು, ಅಪ್ಪ ಸತ್ತಾಗ ಊರಿನಿಂದ ತಂದಿಟ್ಟುಕೊಂಡಿದ್ದ ಅವನ ಗಿಟಾರ್ ಹೆಗಲಿಗೆ ಹಾಕಿಕೊಂಡು ಅವಳು ಆ ನಲವತ್ತು ಹೆಜ್ಜೆ ನಡೆದಳು. ಸ್ಟ್ಯಾಂಡೇ ನೋಡುತ್ತಿತ್ತು.

ಶಾಂದು ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿಕೊಂಡ. "ಏನಮ್ಮ ಮಾಝೋಂಡಿ, ಬೂಟು ಹರೀತಾ?" ಝೋಂಡಿಗಳ ಮನೆಮಗಳನ್ನು ಹಾಗೇ ಕರೆಯುವುದು.

"ಹಾಡು ಕಲಿಸಿ, ಶಾಂದು."

"ಯಾವ ಹಾಡು?"

"ಗೊತ್ತಿದ್ದೂ ಕೇಳ್ತೀರಲ್ಲ."

ಅವನು ಸುತ್ತ ನೋಡಿದ. ಡ್ರೈವರುಗಳು, ಜೋಳ ಸುಡುವವರು, ಎಲ್ಲ ಕಿವಿ ನಿಮಿರಿಸಿಕೊಂಡಿದ್ದರು. ಎದ್ದು ನಿಂತು, ಬೇಕಂತಲೇ ಗಂಟಲೆತ್ತಿದ. "ಕೇಳಿಸ್ಕೊಂಡ್ರೇನ್ರಪ್ಪ! ಝೆಫಾನಿಯಾನ ಮಗಳು ನನ್ನ ಹಾಡನ್ನ ನನ್ನತ್ರನೇ ಕಲಿಯೋಕೆ ಬಂದವಳೆ! ಹತ್ತು ವರ್ಷ ನನ್ನ ಬೆನ್ನ ಹಿಂದೆ ಕಳ್ಳ ಕಳ್ಳ ಅಂದ ಬಾಯಿ ಇದೇ! ಕಲಿಸ್ತೀನಿ, ಯಾಕೆ ಕಲಿಸಲ್ಲ? ದಿನಾ ನಾಲ್ಕು ಗ್ವಿನ್ಯಾ, ಬಿಸಿಬಿಸಿದು. ತಣ್ಣಗಿದ್ರೆ ಪಾಠ ಇಲ್ಲ."

ಮುದುಕ ದಡ್ಡನಲ್ಲ. ಝೋಂಡಿಯ ಮಗಳೇ ತನ್ನ ಶಿಷ್ಯೆ ಆದರೆ ಆ ಹಾಡಿನ ಮೇಲೆ ಇನ್ನು ಯಾರು ಬಾಯಿ ತೆರೆಯುತ್ತಾರೆ? ತೆಂಜಿವೆಗೆ ಅದು ಆಗಲೇ ಹೊಳೆದಿತ್ತು. ಹೊಳೆದರೂ ನುಂಗಿಕೊಂಡಳು.

ಮೊದಲ ಮೂರು ವಾರ ಅವನು ಹಾಡಿನ ಹತ್ತಿರವೂ ಬಿಡಲಿಲ್ಲ. ಒಂದೇ ತಂತಿ, ಒಂದೇ ಹೆಬ್ಬೆರಳು. ಅದೂ ಕೂತಲ್ಲ, ನಡೆಯುತ್ತಾ. "ಕೂತು ಬಾರಿಸೋರು ಚರ್ಚಿನೋರು. ನಡಿ! ಹೆಬ್ಬೆರಳಿಗೆ ನಡಿಗೆ ಬರೋವರೆಗೂ ಸ್ಟ್ಯಾಂಡ್ ಸುತ್ತು!" ಅವಳು ಸುತ್ತಿದಳು. ಟ್ಯಾಕ್ಸಿಗಳ ನಡುವೆ ಧಂ, ಧಂ, ಧಂ ಅಂತ ಒಂದೇ ತಂತಿ ಬಡಿಯುತ್ತಾ ಮೂವತ್ತಾರರ ಹೆಂಗಸು ಸುತ್ತುತ್ತಿದ್ದರೆ ಜನ ಬಿಡುತ್ತಾರೆಯೇ? "ಅಕ್ಕಾ, ಎತ್ತು ಕಳೆದುಹೋಯ್ತಾ?" ಅಂತ ಒಬ್ಬ. "ಅಕ್ಕಾ, ಹಿಟ್ಟು ಹುಳಿ ಬಂತು, ವಾಪಸ್ ಬಾ!" ಅಂತ ಇನ್ನೊಬ್ಬ. "ನಿಮ್ಮಮ್ಮಂಗೆ ಹೇಳ್ರೋ ಹುಳಿ ಬಂದಿದ್ದು!" ಅನ್ನುತ್ತಿದ್ದಳು ಹೆಜ್ಜೆ ತಪ್ಪದೆ. ಹೆಜ್ಜೆ ತಪ್ಪಿದರೆ ಮುದುಕ ಮತ್ತೆ ಮೊದಲಿನಿಂದ ಸುತ್ತಿಸುತ್ತಿದ್ದ.

ಆಮೇಲೆ ಎಡಗೈ. ಕಾದ ಎಣ್ಣೆಗೆ ಅಂಜದ ಬೆರಳುಗಳು ಉಕ್ಕಿನ ತಂತಿಗೆ ಸೋತವು. ತುದಿಗಳು ಮೊದಲು ಕೆಂಪಾದವು, ಆಮೇಲೆ ಗುಳ್ಳೆ ಎದ್ದವು, ಆಮೇಲೆ ಸಿಪ್ಪೆ ಸುಲಿದವು. ಹಿಟ್ಟು ನಾದುವಾಗ ಉಪ್ಪು ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಒತ್ತಿದರೆ ನಾದವೇ ಇಲ್ಲ, ಬರೀ ಟುಸ್ ಟುಸ್.

"ಹಿಟ್ಟು ಒತ್ತಿದ ಹಾಗೆ ಒತ್ಬೇಡ್ವೇ, ಆ ಅಡ್ಡಕಂಬಿ ಮೆಟ್ಟಿನ ಪಕ್ಕದಲ್ಲಿ ಒತ್ತು! ನಿಮ್ಮಪ್ಪನ ಕೈ ಒಂದಿಷ್ಟಾದ್ರೂ ಬರಬಾರದಾ ನಿಂಗೆ?"

"ನಮ್ಮಪ್ಪನ ಕೈ ನಿಮಗೆ ಬಂದುಬಿಡ್ತಲ್ಲ, ಮಿಕ್ಕಿದ್ದೆಲ್ಲಿ?"

ಅವನು ಗ್ವಿನ್ಯಾ ಅಗಿಯುತ್ತಾ ಅವಳನ್ನು ದುರುಗುಟ್ಟಿ ನೋಡುತ್ತಿದ್ದ. ಅವನ ಪಕ್ಕದಲ್ಲಿ ಅಂಟು ಕಲಕುವ ಒಂದು ಕೋಲು ಇರುತ್ತಿತ್ತು. ಅವಳು ಕಿರುಬೆರಳನ್ನು ತಂತಿಯ ಕಡೆ ಚಾಚಿದರೆ ಸಾಕು, ಆ ಕೋಲು ಚಟ್ ಅಂತ ಬೀಳುತ್ತಿತ್ತು. "ಮಡಚು! ಈ ಹಾಡಿಗೆ ಮೂರೇ ಬೆರಳು. ನಾಲ್ಕನೇದು ತೋರಿಸಿದ್ರೆ ಮುರಿದುಹಾಕ್ತೀನಿ." ಬೇರೆ ತಪ್ಪಿಗೆಲ್ಲ ಬೈಗುಳ, ಆ ತಪ್ಪಿಗೆ ಮಾತ್ರ ಕೋಲು. ಅಕ್ಟೋಬರ್ ಹೊತ್ತಿಗೆ ಅವಳ ಕಿರುಬೆರಳು ಊದಿ ನೀಲಿಯಾಗಿತ್ತು. ತನಗಿಲ್ಲದ್ದು ಇನ್ನೊಬ್ಬರಿಗಿರುವುದನ್ನು ಕಂಡರೆ ಮುದುಕನಿಗೆ ಹೊಟ್ಟೆಯುರಿ ಅಂದುಕೊಂಡಳು.

ಶ್ರುತಿ ಕೂಡಿಸುವಾಗ ಅವನು ಬೆನ್ನು ತಿರುಗಿಸಿ ಕೂರುತ್ತಿದ್ದ. ಪಾಠ ಮುಗಿದ ಕೂಡಲೇ ಗಿಟಾರ್ ಕಿತ್ತುಕೊಂಡು ಬಿರಡೆಗಳನ್ನೆಲ್ಲ ತಿರುವಿಬಿಟ್ಟು ಕೊಡುತ್ತಿದ್ದ. ಬೆನ್ನು ತಿರುಗಿಸಿದರೆ ಕಿವಿ ಮುಚ್ಚುತ್ತದೆಯೇ? ಆರು ತಂತಿಯ ಆರು ಸ್ವರವನ್ನು ತೆಂಜಿವೆ ಗಂಟಲಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು, ದಾರಿಯಲ್ಲಿ ಯಾರು ಮಾತಾಡಿಸಿದರೂ ಬಾಯಿ ಬಿಡುತ್ತಿರಲಿಲ್ಲ. ಜನ "ಇವಳಿಗೆ ಸೊಕ್ಕು ಬಂತು" ಅಂದರು. ಅನ್ನಲಿ. ಉಮ್ಲಾಝಿಯ ತನ್ನ ಒಂದೇ ಕೋಣೆಯ ಮನೆ ಸೇರಿ, ಬಾಗಿಲು ಹಾಕಿ, ಗುನುಗಿ ಗುನುಗಿ ತಂತಿಗಳನ್ನು ಆ ಸ್ವರಕ್ಕೆ ಎಳೆಯುತ್ತಿದ್ದಳು. ಹತ್ತನೇ ದಿನಕ್ಕೆ ಕೂಡಿತು. ಆ ಸಂಜೆ ಅವಳು ಒಬ್ಬಳೇ ಕೂತು ನಕ್ಕಳು.

ನವೆಂಬರಿಗೆ ಹಾಡು ಕೈಗೆ ಬಂತು. ಸೊಗಸಾಗಿ ಅಂತ ನಾನು ಹೇಳುವುದಿಲ್ಲ, ಕುಂಟುತ್ತಾ ಬಂತು. ಹೆಬ್ಬೆರಳು ನಡೆಯಿತು, ಮೂರು ಬೆರಳು ಉತ್ತರ ಕೊಟ್ಟವು, ಹೊಳೆ ದಾಟುವ ಜಾಗದಲ್ಲಿ ಅವನು ಹೇಳಿಕೊಟ್ಟ ಹಾಗೆ ಗೆಣ್ಣಿನಿಂದ ಟಕ್. ಡ್ರೈವರುಗಳು ಚಪ್ಪಾಳೆ ತಟ್ಟಿದರು. "ನೋಡ್ರೋ, ಶಾಂದುವಿನ ಹುಡುಗಿ!" ಅಂದರು. ಆ ಮಾತು ಅವಳಿಗೆ ಕೋಲಿನೇಟಿಗಿಂತ ಜಾಸ್ತಿ ಉರಿಯಿತು.

ಆವತ್ತು ಮುದುಕ ಎಂದೂ ಇಲ್ಲದ ಮೆತ್ತನೆ ದನಿಯಲ್ಲಿ ಅಂದ: "ಈ ಗಿಟಾರಿನ ಕತ್ತು ಸವೆದುಹೋಗಿದೆ ಮಾಝೋಂಡಿ. ಬಿಟ್ಟುಹೋಗು, ಹೊಸ ಕತ್ತು ಹಾಕಿಸಿಕೊಡ್ತೀನಿ. ನೀನೇನೂ ಕೊಡೋದು ಬೇಡ."

ಗ್ವಿನ್ಯಾ ಮೂರಾದರೆ ಪಾಠ ನಿಲ್ಲಿಸುವ ಮನುಷ್ಯ! ಅವಳಿಗೆ ಅನುಮಾನವೇನೂ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅವನು ಕೊಡುತ್ತೇನೆ ಅಂದದ್ದಕ್ಕೇ ಬೇಡ ಅಂದಳು. "ನಮ್ಮಪ್ಪನ ಕತ್ತಿನ ಮೇಲೆ ಕೈ ಇಟ್ಟಿದ್ದು ಸಾಕು, ಶಾಂದು."

ಭಾನುವಾರ ಮನೆಯಲ್ಲಿ ಕೂತು, ಆ ಸವೆದ ಕತ್ತನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದಳು. ಮೆಟ್ಟುಗಳ ನಡುವಿನ ಮರದಲ್ಲಿ ಸಣ್ಣಸಣ್ಣ ಗುಳಿಗಳು. ಅಪ್ಪನ ಬೆರಳುಗಳು ವರ್ಷಗಟ್ಟಲೆ ಒತ್ತಿ ಒತ್ತಿ ತೋಡಿದ್ದು. ಹಾಡನ್ನು ನಿಧಾನವಾಗಿ ಬಾರಿಸಿದಳು. ಇಲ್ಲಿ ಒಂದು ಬೆರಳು, ಗುಳಿಯಲ್ಲಿ ಕೂತಿತು. ಅಲ್ಲಿ ಇನ್ನೊಂದು, ಅದೂ ಕೂತಿತು. ತಾನು ಬೆರಳಿಟ್ಟಲ್ಲೆಲ್ಲ ಅಪ್ಪನೂ ಇಟ್ಟಿದ್ದ. ಕೊನೆಯವರೆಗೂ ಬಾರಿಸಿ ನೋಡಿದರೆ ಒಂದು ಗುಳಿ ಮಿಕ್ಕಿತ್ತು. ಎಲ್ಲಕ್ಕಿಂತ ಸಣ್ಣ ತಂತಿಯ ಕೆಳಗೆ, ದೂರದಲ್ಲಿ, ಎಲ್ಲ ಗುಳಿಗಳಿಗಿಂತ ಆಳವಾದದ್ದು. ಅವಳ ಯಾವ ಬೆರಳೂ ಅಲ್ಲಿಗೆ ಹೋಗಿಯೇ ಇರಲಿಲ್ಲ.

ಮತ್ತೆ ಬಾರಿಸಿದಳು. ಹೊಳೆ ದಾಟುವ ಜಾಗಕ್ಕೆ ಬಂದು, ಗೆಣ್ಣಿನಿಂದ ಬಡಿಯದೆ ಎಡಗೈಯನ್ನು ಇದ್ದಲ್ಲೇ ಇಟ್ಟು ನೋಡಿದಳು. ಆ ಗುಳಿಗೆ ನೇರವಾಗಿ ನಿಂತಿದ್ದದ್ದು ಒಂದೇ ಬೆರಳು, ಏಟು ತಿಂದು ಊದಿಕೊಂಡ ಕಿರುಬೆರಳು. ಚಾಚಿ ಒತ್ತಿದಳು. ನೋವಿಗೆ ಹಲ್ಲು ಕಡಿದಳು. ಮೂರನೇ ಸಲಕ್ಕೆ ಒಂದು ಸ್ವರ ಬಂತು, ಎತ್ತರದ್ದು, ಉದ್ದದ್ದು.

ಆ ಸ್ವರ ತೆಂಜಿವೆಗೆ ಗೊತ್ತಿತ್ತು. ಡಿಸೆಂಬರ್ ಸಂಜೆಗಳು. ನಾಲ್ಕೈದು ವರ್ಷದ ಮಗು ಅವಳು. ಎಂಪೋಫಾನಾ ಹೊಳೆಯಾಚೆಯಿಂದ ಇದೇ ಸ್ವರ ಬಂದರೆ ನಾಯಿ ಬೊಗಳುತ್ತಿತ್ತು, ಅಮ್ಮ ಕೈ ಒರೆಸಿಕೊಳ್ಳುತ್ತಿದ್ದಳು, ಮಕ್ಕಳೆಲ್ಲ ಬೇಲಿಗೆ ಓಡುತ್ತಿದ್ದರು. ಅಪ್ಪ ಬಂದ! ಇದನ್ನು ಅವಳು ಹೇಗೆ ಮರೆತಿದ್ದಳು? ಹತ್ತು ವರ್ಷ ಆ ಟಕ್ ಕೇಳಿ ಕೇಳಿ ಅದರ ಕೆಳಗೆ ಈ ಸ್ವರ ಹೂತುಹೋಗಿತ್ತು.

ಅವಳು ಅತ್ತಳು, ಅಳುತ್ತಲೇ ಬೈದಳು. ಥೂ ನಿನ್ನ ಜನ್ಮಕ್ಕೆ! ಹಾಡು ಕದ್ದದ್ದಲ್ಲದೆ ನಾಲಿಗೆ ಬೇರೆ ಕಿತ್ತಿದ್ದೀಯಲ್ಲೋ! ಕೋಲು ಯಾಕೆ ಕಿರುಬೆರಳಿಗೇ ಬೀಳುತ್ತಿತ್ತು, ಹೊಸ ಕತ್ತು ಯಾಕೆ ಬೇಕಿತ್ತು, ಎಲ್ಲ ಒಟ್ಟಿಗೆ ತಿಳಿಯಿತು. ಶಾಂದುವಿಗೆ ಆ ಸ್ವರಕ್ಕೆ ಬೆರಳೇ ಇಲ್ಲ. ಅದಕ್ಕೇ ಅಲ್ಲಿ ಮರ ಬಡಿದ.

ಮಾರನೇ ದಿನದಿಂದ ಪಾಠದಲ್ಲಿ ಅವಳಷ್ಟು ಒಳ್ಳೆಯ ಶಿಷ್ಯೆ ಇನ್ನೊಬ್ಬಳಿಲ್ಲ. ಕಿರುಬೆರಳು ಮಡಚಿ, ಟಕ್ ಅಂತ ಸರಿಯಾಗಿ ಬಡಿದು, ಬಿಸಿ ಗ್ವಿನ್ಯಾ ಕೊಟ್ಟು ಬರುತ್ತಿದ್ದಳು. ಮುದುಕ ಕೋಲನ್ನು ಪಕ್ಕಕ್ಕಿಟ್ಟ. ಮನೆಯಲ್ಲಿ ಮೂರು ವಾರ ಬರೀ ಕಿರುಬೆರಳಿಗೇ ಪಾಠ. ಹತ್ತು ಸಲ ಒತ್ತಿದರೆ ಆರು ಸಲ ಟುಸ್, ನಾಲ್ಕು ಸಲ ಸ್ವರ. ಪಕ್ಕದ ಮನೆಯವಳು ಗೋಡೆ ಗುದ್ದಿ, "ಆ ಬೆಕ್ಕನ್ನ ಬಿಟ್ಟುಬಿಡೇ, ಪುಣ್ಯ ಬರುತ್ತೆ!" ಅಂದಳು. ಅಷ್ಟರಲ್ಲಿ ಡಿಸೆಂಬರ್ ಬಂದೇಬಿಟ್ಟಿತು.

ಊರಲ್ಲಿ ಎತ್ತು ಕಡಿದಾಗಿತ್ತು. ಅಂಗಳದಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಚಾಪೆಯ ಮೇಲೆ ಇನ್ನೊಂದು ಕಡೆ, ನಡುವೆ ಹೆಂಡದ ಮಡಕೆ. ಶಾಂದು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದು, ಅಣ್ಣ ತೋರಿಸಿದ ದೊಡ್ಡ ಕುರ್ಚಿಯಲ್ಲಿ ಕೂತಿದ್ದ. ತೊಬೆಕಿಲೆ ಅತ್ತೆ ಮಂಡಿ ನೋವಿಗೆ ಕಾಲು ಚಾಚಿ, ಊರುಗೋಲು ಮಡಿಲಲ್ಲಿಟ್ಟುಕೊಂಡು ಹೆಂಗಸರ ಮುಂದೆ ಕೂತಿದ್ದಳು.

"ಮೊದಲು ನಮ್ಮ ಅತಿಥಿ ಒಂದು ರುಚಿ ತೋರಿಸ್ಲಿ. ಆಮೇಲೆ ನನ್ನ ತಂಗಿ ಏನೋ ಮಾಡ್ತಾಳಂತೆ" ಅಂದ ಅಣ್ಣ. ಗಂಡಸರು ನಕ್ಕರು.

ಶಾಂದು ಎದ್ದ. ಗಿಟಾರ್ ಎತ್ತಿ ಎರಡು ಸುತ್ತು ಬಾರಿಸಿ ಜನರನ್ನು ಬಿಸಿ ಮಾಡಿ, ಗಡಗಡ ಅಂತ ತನ್ನ ಹೊಗಳಿಕೆ ಸುರಿದ. "ನಾನು ಶಾಂದು! ಎಂಝಿನ್ಯಾಥಿ ನೀರು ಕುಡಿದವನು! ಒಂಬತ್ತು ಬೆರಳಿನವನು! ಹದಿನಾರನೇ ವಯಸ್ಸಿಗೆ ಸಕ್ಕರೆ ಕಾರ್ಖಾನೆ ನನ್ನ ಹತ್ತನೇ ಬೆರಳು ನುಂಗಿತು! ಗಿಟಾರು ನನ್ನ ಹತ್ತು ಬೆರಳು ಕಂಡೇ ಇಲ್ಲ, ಒಂಬತ್ತರಲ್ಲೇ ನಿಮ್ಮನ್ನೆಲ್ಲ ಮಲಗಿಸಿದವನು!" ಗಂಡಸರು ಕೂಗಿದರು. ಹತ್ತು ವರ್ಷದಿಂದ ರೇಡಿಯೊದಲ್ಲಿ ಇದನ್ನೇ ಹೇಳಿಕೊಂಡು ಬಂದಿದ್ದ, ಅವನಿಗೆ ಬಾಯಿಪಾಠ.

ಅವನು ಕುರ್ಚಿಗೆ ಮರಳಿದ ಮೇಲೆ ತೆಂಜಿವೆ ಎದ್ದಳು. ಶಾಂದುವಿನ ಕಡೆ ಬೆನ್ನು ಹಾಕಲಿಲ್ಲ. ಅವನ ಕಣ್ಣೆದುರೇ, ಗುನುಗುತ್ತಾ, ಆರೂ ತಂತಿ ಶ್ರುತಿಗೆ ಎಳೆದಳು. ಮುದುಕನ ಮುಖ ಬಿಗಿಯಿತು. ಅವಳು ನಡೆಯಲು ಶುರುಮಾಡಿದಳು, ಅಂಗಳದ ಸುತ್ತ, ಹೆಬ್ಬೆರಳು ಕಾಲಿನ ಜೊತೆಗೆ. ನಗು ನಿಂತಿತು. ಹೊಳೆಯ ಜಾಗ ಬಂತು. ಕಿರುಬೆರಳು ಚಾಚಿದಳು.

ಟುಸ್.

ಗಂಡಸರ ಕಡೆಯಿಂದ ನಗೆ ಸಿಡಿಯಿತು. "ಬಡಿಯೇ, ಬಡಿ! ಬಾಗಿಲು ಬಡಿ! ಅಷ್ಟೂ ಹೇಳಿಕೊಟ್ಟಿಲ್ವಾ ನಾನು?" ಅಂತ ಶಾಂದು ಕೂಗಿದ. ಅಣ್ಣ ಅರ್ಧ ಎದ್ದು ನಿಂತ.

ಅವಳು ನಿಲ್ಲಿಸಲಿಲ್ಲ. ಹಾಡು ಮತ್ತೆ ಸುತ್ತಿ ಆ ಜಾಗಕ್ಕೇ ಬರುತ್ತೆ, ಅವಳಿಗೆ ಗೊತ್ತಿತ್ತು. ಒಂದು ಟಕ್ ಹೊಡೆದುಬಿಟ್ಟರೆ ಸಾಕು, ಯಾರೂ ತಪ್ಪು ಹಿಡಿಯುವುದಿಲ್ಲ, ಅಪ್ಪನ ಹೆಸರು ಹೇಳಿ ಮುಗಿಸಬಹುದು. ಇನ್ನೊಮ್ಮೆ ಟುಸ್ ಅಂದರೆ ಅಡುಗೆ ಒಲೆ, ಕುರ್ಚಿಯಲ್ಲಿ ಆ ಮನುಷ್ಯ, ಅಪ್ಪ ಬೇಲಿಯಾಚೆ. ಕೈ ಬೆವರುತ್ತಿತ್ತು. ಸೆರಗಿನಂತೆ ಹೊದ್ದಿದ್ದ ಶಾಲಿಗೆ ಒರೆಸಿಕೊಳ್ಳಲೂ ಸಮಯವಿರಲಿಲ್ಲ. ಹೊಳೆ ಬಂತು. ಬೆರಳು ಗುಳಿ ಹುಡುಕಿಕೊಂಡು ಹೋಗಿ ಕೂತಿತು.

ಸ್ವರ ಎದ್ದಿತು. ಅಂಗಳ ದಾಟಿ, ದನದ ದೊಡ್ಡಿ ದಾಟಿ, ಹೊಳೆಯ ಕಡೆಗೆ ಹೋಯಿತು.

ತೊಬೆಕಿಲೆ ಅತ್ತೆ ಊರುಗೋಲು ನೆಲಕ್ಕೆ ಕುಟ್ಟಿ ಎದ್ದುನಿಂತಳು. ಮಂಡಿ ನೋವೆಲ್ಲ ಎಲ್ಲಿ ಹೋಯಿತೋ. "ಇದು! ಇದೇ ನನ್ನ ತಮ್ಮನ ಹಾಡು!"

"ಅತ್ತೆ, ನೀನೇ ಅಲ್ವಾ ಅವತ್ತು ಅಲ್ಲ ಅಂದಿದ್ದು?" ಅಂದ ಅಣ್ಣ.

"ಅಯ್ಯೋ ಮಂಕೇ! ರೇಡಿಯೊದಲ್ಲಿ ಬಾಗಿಲು ಬಡೀತಿದ್ನಲ್ಲೋ ಅವನು! ನಮ್ಮಲ್ಲಿ ಯಾರು ಬಾಗಿಲು ಬಡಿದು ಬರ್ತಾರೆ? ಬೇಲಿ ಹತ್ರ ನಿಂತು ಕೂಗ್ತಾರೆ. ಬಾಗಿಲು ಬಡೀತಿದ್ದೋರು ಪೊಲೀಸರು! ನನ್ನ ತಮ್ಮ ಹೊಳೆಯಾಚೆಯಿಂದ ಹೀಗೆ ಕೂಗಿಕೊಂಡು ಬರ್ತಿದ್ದ. ಬಾರಿಸೇ ಮಗಳೇ, ನಿಲ್ಲಿಸಬೇಡ!"

ತೆಂಜಿವೆ ಹೆಬ್ಬೆರಳನ್ನು ಬಿಗಿಮಾಡಿ ಹೊಗಳಿಕೆಗೆ ಬಾಯಿ ತೆರೆದಳು. "ನಾನು ಮಾಝೋಂಡಿ! ಎಂಪೋಫಾನಾ ನೀರು ಕುಡಿದವಳು! ಕುದಿಯೋ ಎಣ್ಣೆ ಮುಂದೆ ಕೂತವಳು! ಝೆಫಾನಿಯಾನ ಹಾಡನ್ನ ಕಳ್ಳನ ಮಡಿಲಿಂದ ಎತ್ತಿ ತಂದವಳು! ಹತ್ತು ಬೆರಳಿನವಳು! ಗಿಟಾರು ನಿಮ್ಮ ಹತ್ತು ಬೆರಳು ಕಂಡೇ ಇಲ್ಲ ಅಂದ್ರಲ್ಲ ಶಾಂದು, ಹಾಗಾದ್ರೆ ಹತ್ತನೇ ಬೆರಳಿನ ಕೂಗು ಇಟ್ಟು ಈ ಹಾಡು ಕಟ್ಟಿದ್ದು ಯಾರು?"

ಗಂಡಸರೆಲ್ಲ ಶಾಂದುವಿನ ಎಡಗೈ ನೋಡುತ್ತಿದ್ದರು. ಶಾಂದು ಅದನ್ನು ಕೋಟಿನ ಜೇಬಿಗೆ ಹಾಕಿದ. "ಕಲಿಸಿದ್ದು ನಾನು" ಅಂದ. "ನಾನಿಲ್ಲದಿದ್ರೆ ನಿಂಗೆ ತಂತಿ ಮುಟ್ಟೋಕೂ ಬರ್ತಿರಲಿಲ್ಲ, ಹಿಟ್ಟಿನವಳೇ."

"ನಿಜ. ಗುರುದಕ್ಷಿಣೆ ತಗೊಳ್ಳಿ." ಅವಳು ಗಿಟಾರ್ ಹೆಗಲಿಂದ ಇಳಿಸಿ, ಬಿಗಿದ ತಂತಿಗಳ ಸಮೇತ, ಅವನ ಮಡಿಲಲ್ಲಿ ಇಟ್ಟಳು. "ಶ್ರುತಿ ಹಾಗೇ ಇದೆ. ಗುಳಿ ಅಲ್ಲೇ ಇದೆ, ನೋಡಿ. ಬಾರಿಸಿ. ಒಂದೇ ಒಂದು ಸಲ ಪೂರ್ತಿ ಬಾರಿಸಿ, ಹಾಡು ನಿಮ್ಮದೇ ಅಂತ ನಾನೇ ಸಾರ್ತೀನಿ."

ಅವನು ಬಗ್ಗಿ ಆ ಗುಳಿ ನೋಡಿದ. ಜೇಬಿನಿಂದ ಕೈ ತೆಗೆದ. ಆ ಕೈ ಮೆಟ್ಟುಗಳ ಕಡೆ ಹೋಗಲಿಲ್ಲ. ನಲವತ್ತು ವರ್ಷದ ಅಭ್ಯಾಸ, ನೇರ ಬಿರಡೆಯ ಕಡೆ ಹೋಯಿತು, ಸಡಿಲಿಸಿಬಿಡಲು, ಯಾರ ಕೈಗೂ ಸಿಗದ ಹಾಗೆ ಮಾಡಿಬಿಡಲು.

ಅತ್ತೆಯ ಊರುಗೋಲು ಚಟ್ ಅಂತ ಆ ಬೆರಳುಗಳ ಮೇಲೆ ಬಿತ್ತು.

"ಮುಟ್ಟಬೇಡ" ಅಂದಳು ಮುದುಕಿ. "ಇನ್ನು ಅದು ಹಾಗೇ ಇರುತ್ತೆ. ಯಾರು ಬೇಕಾದ್ರೂ ನೋಡಿ ಕಲೀಲಿ."

ಶಾಂದು ಎದ್ದು, ಬೇಲಿ ದಾಟಿ ರಸ್ತೆಗೆ ಇಳಿದ, ಬೀಳ್ಕೊಡಲು ಒಬ್ಬನೂ ಏಳಲಿಲ್ಲ. ಅಣ್ಣ ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿ ತಂದು, ತಲೆ ತಗ್ಗಿಸಿ, ತೆಂಜಿವೆಗೆ ಕೊಟ್ಟ. "ಇನ್ನೊಂದು ಸಲ ಬಾರಿಸೇ" ಅಂದ. "ಅಪ್ಪ ಇನ್ನೂ ಹೊಳೆಯಾಚೆಯೇ ಇದಾನೆ."